ಮೂರು ನಿಮಿಷದ ಪ್ಲೇಟಿನಲ್ಲಿ ಐವಿ ಆಂಡರ್ಸನ್

ಹಾಡು ಶುರುವಾಗುವುದೇ ಅರ್ಥವಿಲ್ಲದ ಅಕ್ಷರಗಳಿಂದ. ಹಿಂದೆ ಡಬಲ್ ಬೇಸ್ ಒಂದೇ ಸಮ ನಡೆಯುತ್ತಿರುತ್ತದೆ. ಅದರ ಮೇಲೆ ಒಂದು ಹೆಣ್ಣು ದನಿ, ಯಾವ ಅವಸರವೂ ಇಲ್ಲದ ಹಾಗೆ, ಬಾಯಿಗೆ ಬಂದ ಸದ್ದುಗಳನ್ನು ಉದುರಿಸುತ್ತಾ ಬರುತ್ತದೆ. ನಮ್ಮ ತಿಲ್ಲಾನದಲ್ಲಿ ಜತಿ ಬರುತ್ತದಲ್ಲ, ಹಾಗೆ. ಆದರೆ ಅದಕ್ಕಿಂತ ಸ್ವಲ್ಪ ಸೋಮಾರಿ, ಸ್ವಲ್ಪ ತುಂಟ. ಕೆಲವೇ ಸೆಕೆಂಡು. ಆಮೇಲೆ ಅವಳು ಪಕ್ಕಕ್ಕೆ ಸರಿಯುತ್ತಾಳೆ. ಟ್ರಂಬೋನ್ ಬಂದು ಇಡೀ ಮಟ್ಟನ್ನು ತಾನೇ ನುಡಿಸುತ್ತದೆ. ಅದು ಮುಗಿದ ಮೇಲಷ್ಟೇ ಅವಳಿಗೆ ಹಾಡಿನ ಮಾತು ಸಿಗುವುದು.

ಇದು 1932ರ ಫೆಬ್ರವರಿ 2ರಂದು ನ್ಯೂಯಾರ್ಕಿನಲ್ಲಿ ಮುದ್ರಿಸಿದ ಪ್ಲೇಟು. 'ಇಟ್ ಡೋಂಟ್ ಮೀನ್ ಎ ಥಿಂಗ್'. ಬ್ಯಾಂಡು ಅಮೆರಿಕಾದ ಜಾಝ್ ಸಂಗೀತಗಾರ ಡ್ಯೂಕ್ ಎಲಿಂಗ್ಟನ್‌ನದು. ಹಾಡಿದವಳು ಐವಿ ಆಂಡರ್ಸನ್. ಆ ಬ್ಯಾಂಡಿನ ಜೊತೆ ಅವಳ ಮೊದಲ ರೆಕಾರ್ಡಿಂಗ್. ಶೀರ್ಷಿಕೆಯ ಉಳಿದರ್ಧದಲ್ಲಿ 'ಸ್ವಿಂಗ್' ಅನ್ನೋ ಪದ ಇದೆ, ಮೈ ತೂಗಿಸುವ ಜಾಝ್ ಲಯಕ್ಕೆ ಇಟ್ಟ ಹೆಸರು. ಆ ಪದ ಅಮೆರಿಕಾಗೆ ಜ್ವರದ ಹಾಗೆ ಹತ್ತಿದ್ದು 1935ರ ಆಗಸ್ಟಿನಲ್ಲಿ, ಬೆನ್ನಿ ಗುಡ್‌ಮನ್ ಬ್ಯಾಂಡು ಲಾಸ್ ಏಂಜಲೀಸಿನ ಪಾಲೊಮಾರ್ ಡ್ಯಾನ್ಸ್ ಹಾಲಿನಲ್ಲಿ ಹುಡುಗ ಹುಡುಗಿಯರನ್ನು ಹುಚ್ಚೆಬ್ಬಿಸಿದ ಮೇಲೆ. ಐವಿ ಅದಕ್ಕೂ ಮೂರು ವರ್ಷ ಮೊದಲೇ ಅದನ್ನು ಹಾಡಿ ಮುಗಿಸಿದ್ದಳು.

ಆ ಟ್ರಂಬೋನ್ ಬಗ್ಗೆ ಒಂದು ಮಾತು ಹೇಳಲೇಬೇಕು. ನುಡಿಸಿದವನು 'ಟ್ರಿಕಿ ಸ್ಯಾಮ್' ನ್ಯಾಂಟನ್. ಸಿಂಕ್ ಕಟ್ಟಿಕೊಂಡಾಗ ಪ್ಲಂಬರ್ ತಂದು ಒತ್ತುತ್ತಾನಲ್ಲ, ಆ ರಬ್ಬರ್ ಬಟ್ಟಲನ್ನೇ ವಾದ್ಯದ ಬಾಯಿಗೆ ಹಿಡಿದು, ತೆರೆದು ಮುಚ್ಚಿ, ಮನುಷ್ಯ ಗೊಣಗಿದ ಹಾಗೆ ಸದ್ದು ತೆಗೆಯುತ್ತಿದ್ದ. ಈ ಬ್ಯಾಂಡಿನಲ್ಲಿ ವಾದ್ಯಗಳೆಲ್ಲ ಮಾತಾಡುತ್ತಿದ್ದವು. ಹಾಡುವವಳು ವಾದ್ಯದ ಹಾಗೆ ಹಾಡಬೇಕಿತ್ತು. ಐವಿಗೆ ಅದು ಮೊದಲ ದಿನವೇ ಗೊತ್ತಿತ್ತು ಅನ್ನಿಸುತ್ತದೆ. ಅವಳು ಒಂದು ಸಾಲು ಹಾಡಿದರೆ ಟ್ರಂಪೆಟ್ಟು ಟ್ರಂಬೋನುಗಳೆಲ್ಲ ಸೇರಿ 'ವಾ-ವಾ' ಅಂತ ಉತ್ತರ ಕೊಡುತ್ತವೆ. ಯಾರು ಯಾರ ಕಾಲೆಳೆಯುತ್ತಿದ್ದಾರೆ ಅಂತ ತಿಳಿಯಲ್ಲ.

ಬಿಗ್ ಬ್ಯಾಂಡ್, ಅಂದರೆ ಹತ್ತಾರು ವಾದ್ಯಗಳ ದೊಡ್ಡ ಜಾಝ್ ತಂಡಗಳ, ಕಾಲದ ಗಾಯಕಿಯರ ಬಗ್ಗೆ ಓದುವಾಗ ಒಂದು ಲೆಕ್ಕ ತಲೆಯಲ್ಲಿರಬೇಕು. ಹತ್ತಿಂಚಿನ 78 ಆರ್‌ಪಿಎಂ ಪ್ಲೇಟಿನ ಒಂದು ಬದಿಯಲ್ಲಿ ಹಿಡಿಯುತ್ತಿದ್ದದ್ದು ಸುಮಾರು ಮೂರು ನಿಮಿಷ. ಅದು ಕುಣಿಯುವವರಿಗೆ ಮಾಡಿದ ಸಂಗೀತ. ಮೊದಲ ಸುತ್ತು ಬ್ಯಾಂಡಿಗೆ, ನಡುವಿನದು ಹಾಡುವವರಿಗೆ, ಕೊನೆಯದು ಮತ್ತೆ ಬ್ಯಾಂಡಿಗೆ. ಒಂದು ಸುತ್ತು, ಅಂದರೆ ಇಡೀ ಮಟ್ಟು ಒಂದು ಸಲ, ಸಾಮಾನ್ಯವಾಗಿ 32 ಬಾರ್ (ನಮ್ಮ ತಾಳದ ಆವರ್ತದ ಹಾಗೆ), ಬಾರಿಗೆ ನಾಲ್ಕು ಬೀಟ್. ನಿಮಿಷಕ್ಕೆ 160 ಬೀಟ್ ಓಟದಲ್ಲಿ ಅದು 48 ಸೆಕೆಂಡು. ಪ್ಲೇಟಿನ ಲೇಬಲ್ ಮೇಲೆ ಬ್ಯಾಂಡ್ ಯಜಮಾನನ ಹೆಸರು ದಪ್ಪಕ್ಷರದಲ್ಲಿ. ಹಾಡಿದವಳ ಹೆಸರು ಕೆಳಗೆಲ್ಲೋ ಸಣ್ಣದಾಗಿ, ಎಷ್ಟೋ ಸಲ ಅದೂ ಇಲ್ಲ. ವೇದಿಕೆಯಲ್ಲಾದರೆ ತನ್ನ ಸರದಿ ಬರುವ ತನಕ ಪಕ್ಕದಲ್ಲೊಂದು ಕುರ್ಚಿ ಹಾಕಿಕೊಂಡು ನಗುಮುಖದಲ್ಲಿ ಕೂತಿರಬೇಕು. ಪತ್ರಿಕೆಗಳು ಇವರನ್ನು 'ಕ್ಯಾನರಿ' ಅಂತ ಬರೆಯುತ್ತಿದ್ದವು. ಪಂಜರದ ಹಳದಿ ಹಕ್ಕಿ!

ಈ 48 ಸೆಕೆಂಡಿನಲ್ಲಿ ಏನು ಮಾಡಬಹುದು? ಹೆಚ್ಚಿನವರು ಚೆನ್ನಾಗಿ ಹಾಡಿ ಕೂತರು. ಐವಿ ಆ ಜಾಗದಲ್ಲಿ ಒಬ್ಬ ಮನುಷ್ಯಳನ್ನು ಕೂರಿಸಿದಳು. ಆಮೇಲೆ ಬಂದ ದೊಡ್ಡ ಗಾಯಕಿಯರಿಗೆ ಬಹಳ ಹೊತ್ತು ಓಡುವ ಒಂದು ಇಡೀ ಎಲ್‌ಪಿ ಇತ್ತು, ಒಂದು ಇಡೀ ಸಂಜೆ ಇತ್ತು. ಅವರನ್ನು ತೂಗಿದ ತಕ್ಕಡಿಯಲ್ಲೇ ಇವಳನ್ನೂ ತೂಗಿ, 'ಪಾಪ, ಬೇಗ ಮುಗಿಯಿತು' ಅಂತ ಬರೆಯುವವರನ್ನು ಕಂಡರೆ ನನಗೆ ಸ್ವಲ್ಪ ಕಿರಿಕಿರಿ. ಈ ಬರಹ ಹುಟ್ಟಿದ್ದೇ ಆ ಕಿರಿಕಿರಿಯಿಂದ.

ಅವಳು ಕ್ಯಾಲಿಫೋರ್ನಿಯಾದ ಗಿಲ್ರಾಯ್‌ನವಳು. ಈಗ ಆ ಊರು ಬೆಳ್ಳುಳ್ಳಿಗೆ ಹೆಸರುವಾಸಿ. ಅಲ್ಲಿನ ಸೇಂಟ್ ಮೇರೀಸ್ ಕಾನ್ವೆಂಟಿನಲ್ಲಿ ಚಿಕ್ಕಂದಿನಲ್ಲೇ ಹಾಡುಗಾರಿಕೆ ಕಲಿತಳು. ಆಮೇಲೆ ವಾಷಿಂಗ್ಟನ್ನಿನಲ್ಲಿ, ಕಪ್ಪು ಹೆಣ್ಣುಮಕ್ಕಳಿಗಾಗಿ ನ್ಯಾನಿ ಹೆಲೆನ್ ಬರೋಸ್ ನಡೆಸುತ್ತಿದ್ದ ಶಾಲೆಯಲ್ಲಿ ಮತ್ತಷ್ಟು ಪಾಠ. ಅವಳ ಉಚ್ಚಾರಣೆ ಅಷ್ಟು ಬಿಡಿಬಿಡಿಯಾಗಿ ಕೇಳುವುದಕ್ಕೆ ಈ ಪಾಠಗಳೇ ಕಾರಣ ಇರಬೇಕು. ತೊಂಬತ್ತು ವರ್ಷ ಹಳೆಯ ಪ್ಲೇಟಿನ ಕರಕರದ ನಡುವೆಯೂ ಒಂದು ಅಕ್ಷರ ಕಳೆದುಹೋಗಲ್ಲ. 1920ರ ದಶಕದಲ್ಲಿ ಹೊಟ್ಟೆಪಾಡಿಗೆ ಏನೇನು ಸಿಕ್ಕಿತೋ ಎಲ್ಲ ಮಾಡಿದಳು. ಊರೂರು ತಿರುಗುವ ತಂಡಗಳಲ್ಲಿ ಹಾಡಿದಳು, ಕುಣಿದಳು. ಹಾರ್ಲೆಮ್‌ನ ಕಾಟನ್ ಕ್ಲಬ್ ಅನ್ನೋ ನೈಟ್ ಕ್ಲಬ್ಬಿಗೂ ಮೊದಲು ಕಾಲಿಟ್ಟದ್ದು ಕುಣಿಯುವವಳಾಗಿ.

1928ರಲ್ಲಿ ಅವಳು ಆಸ್ಟ್ರೇಲಿಯಾಗೆ ಹೋದ ಕಥೆ ಇದೆಯಲ್ಲ, ಅದನ್ನು ಅವಳ ಬಗ್ಗೆ ಬರೆಯುವವರು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಅದು ಒಂದು ಸಾಲಿನ ಕಥೆಯಲ್ಲ. ಸಾನಿ ಕ್ಲೇ ಅನ್ನುವವನ ಕಪ್ಪು ಬ್ಯಾಂಡು ಆ ವರ್ಷದ ಜನವರಿಯಲ್ಲಿ ಸಿಡ್ನಿಗೆ ಬಂತು. ಜೊತೆಗೆ ಕುಣಿಯುವವರು, ಹಾಡುವವರು. ಐವಿಯೂ ಅದರಲ್ಲಿದ್ದಳು. ಜನ ಮುಗಿಬಿದ್ದು ಬಂದರು. ಆಮೇಲೆ ಮೆಲ್ಬರ್ನಿಗೆ ಹೋದಾಗ, ಬ್ಯಾಂಡಿನ ಹುಡುಗರು ಇಳಿದುಕೊಂಡಿದ್ದ ಮನೆಯ ಮೇಲೆ ಪೊಲೀಸರು ದಾಳಿ ಮಾಡಿದರು. ಅಲ್ಲಿ ಬಿಳಿ ಹುಡುಗಿಯರಿದ್ದರು ಅನ್ನುವುದೇ ದೊಡ್ಡ ಸುದ್ದಿ. ಪತ್ರಿಕೆಗಳು ಬೆಂಕಿಗೆ ತುಪ್ಪ ಸುರಿದವು. ಹಿಡಿದ ಹುಡುಗಿಯರ ಮೇಲಿನ ಕೇಸು ಕೋರ್ಟಿನಲ್ಲಿ ನಿಲ್ಲಲಿಲ್ಲ. ಆದರೂ ಬ್ಯಾಂಡನ್ನು ದೇಶದಿಂದ ಹೊರಗೆ ಹಾಕಿದರು. ಅದಾದ ಮೇಲೆ ಅಮೆರಿಕಾದ ಕಪ್ಪು ಜಾಝ್ ಬ್ಯಾಂಡುಗಳಿಗೆ ಆಸ್ಟ್ರೇಲಿಯಾದ ಬಾಗಿಲು ಹೆಚ್ಚು ಕಡಿಮೆ ಕಾಲು ಶತಮಾನ ಮುಚ್ಚಿತ್ತು. 1954ರಲ್ಲಿ ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ಹೋಗುವ ತನಕ. ಹೆಸರು ಮಾಡುವ ಮೊದಲೇ, ಯಾವ ತಪ್ಪೂ ಮಾಡದೆ, ಇಡೀ ತಂಡವನ್ನು ಒಂದು ದೇಶ ಓಡಿಸುವುದನ್ನು ನೋಡಿ ಬಂದವಳು ಇವಳು. ಮುಂದೆ ಇವಳು ವೇದಿಕೆಯ ಮೇಲೆ ತೋರಿದ ತಣ್ಣನೆಯ ಗತ್ತಿಗೂ ಇದಕ್ಕೂ ಸಂಬಂಧ ಇಲ್ಲ ಅಂತ ಹೇಗೆ ಹೇಳಲಿ?

ವಾಪಸು ಬಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆನ್ಸನ್ ವೀಕ್ಸ್‌ನ ಬ್ಯಾಂಡಿನ ಜೊತೆ ಹಾಡಿದಳು. ಬಿಳಿಯರ ಡ್ಯಾನ್ಸ್ ಬ್ಯಾಂಡಿನ ಮುಂದೆ ನಿಂತು ಹಾಡಿದ ಮೊದಮೊದಲ ಕಪ್ಪು ಗಾಯಕಿಯರಲ್ಲಿ ಇವಳೂ ಒಬ್ಬಳು. 1930ರಲ್ಲಿ ಶಿಕಾಗೋದ ಗ್ರ್ಯಾಂಡ್ ಟೆರೇಸ್ ಕ್ಲಬ್ಬಿನಲ್ಲಿ ಪಿಯಾನೋ ವಾದಕ ಅರ್ಲ್ ಹೈನ್ಸ್ ಜೊತೆ. ಎಲಿಂಗ್ಟನ್ ಅವಳನ್ನು ಕರೆದದ್ದು ಅಲ್ಲಿಂದಲೇ, 1931ರ ಫೆಬ್ರವರಿಯಲ್ಲಿ, ಓರಿಯೆಂಟಲ್ ಥಿಯೇಟರಿನ ಕಾರ್ಯಕ್ರಮಕ್ಕೆ. ಅವನ ಮನಸ್ಸಿನಲ್ಲಿ ಮೊದಲು ಇದ್ದದ್ದು ಮೇ ಆಲಿಕ್ಸ್ ಅನ್ನುವ ಇನ್ನೊಬ್ಬ ಗಾಯಕಿ, ಆದರೆ ಅವಳ ಮೈಬಣ್ಣ ತೀರಾ ತಿಳಿ, ಕಪ್ಪು ಬ್ಯಾಂಡಿನ ಮುಂದೆ ಬಿಳಿ ಹೆಂಗಸು ನಿಂತಿದ್ದಾಳೆ ಅಂತ ಯಾರಾದರೂ ಗಲಾಟೆ ಎಬ್ಬಿಸಿಯಾರು ಅನ್ನೋ ಭಯಕ್ಕೆ ಐವಿಯನ್ನು ತೆಗೆದುಕೊಂಡರು ಅಂತ ಹೇಳುತ್ತಾರೆ. ನಮಗೆ ಇದು ಅರ್ಥವಾಗದ ವಿಷಯವೇನಲ್ಲ. ಬಣ್ಣ ನೋಡಿ ಹೆಣ್ಣು ಒಪ್ಪುವುದರಲ್ಲಿ ನಾವೇನು ಹಿಂದೆ ಬಿದ್ದವರಲ್ಲ. ಇಲ್ಲಿ ಲೆಕ್ಕ ತಿರುಗುಮುರುಗಾಗಿ ಒಂದು ಒಳ್ಳೆಯ ಕೆಲಸ ಆಯಿತು, ಅಷ್ಟೇ.

ಕೆಲವು ವಾರಗಳ ಕೆಲಸಕ್ಕೆ ಅಂತ ಬಂದವಳು ಹನ್ನೊಂದು ವರ್ಷ ಉಳಿದಳು.

1933ರ ಜೂನಿನಲ್ಲಿ ಬ್ಯಾಂಡು ಲಂಡನ್ನಿಗೆ ಹೋಯಿತು. ಪಲೇಡಿಯಮ್ ಥಿಯೇಟರು. ಆಗ ಹೊಚ್ಚ ಹೊಸದಾಗಿದ್ದ 'ಸ್ಟಾರ್ಮಿ ವೆದರ್' ಅನ್ನು ಐವಿ ಅಲ್ಲಿ ಹಾಡಿದಳು. ಆ ಹಾಡನ್ನು ಕಾಟನ್ ಕ್ಲಬ್ಬಿನಲ್ಲಿ ಮೊದಲು ಹಾಡಿ ಮನೆಮಾತು ಮಾಡಿದವಳು ಎಥೆಲ್ ವಾಟರ್ಸ್. ಲಂಡನ್ನಿನವರಿಗೆ ಮಾತ್ರ ಅದು ಐವಿಯ ಹಾಡಾಯಿತು. ಜನ ಅವಳನ್ನು ವೇದಿಕೆ ಬಿಟ್ಟು ಹೋಗಲು ಬಿಡಲಿಲ್ಲ. ಎಲಿಂಗ್ಟನ್ ಮುಪ್ಪಿನಲ್ಲಿ ತನ್ನ ಜೀವನದ ಬಗ್ಗೆ ಬರೆಯುವಾಗಲೂ ಆ ರಾತ್ರಿಯನ್ನು ನೆನೆದಿದ್ದಾನೆ. ಅದೇ ವರ್ಷದ ಒಂದು ಕಿರುಚಿತ್ರದಲ್ಲಿ ಅವಳು ಅದೇ ಹಾಡು ಹಾಡುವುದನ್ನು ಈಗಲೂ ನೋಡಬಹುದು. ಹೊರಗೆ ಮಳೆ. ಅವಳು ಅಳುವುದಿಲ್ಲ, ಕೈ ಚಾಚುವುದಿಲ್ಲ, ಎದೆ ಹಿಡಿದುಕೊಳ್ಳುವುದಿಲ್ಲ. ದುಃಖದ ಸುದ್ದಿಯನ್ನು ಪಕ್ಕದ ಮನೆಯವರಿಗೆ ತಿಳಿಸುವ ಹಾಗೆ ಹಾಡುತ್ತಾಳೆ. ಇದು ಮೈಕು ಬಂದಿದ್ದರಿಂದ ಸಾಧ್ಯವಾದ ಕಲೆ. ಹತ್ತು ವರ್ಷ ಮೊದಲಾಗಿದ್ದರೆ ಹಿತ್ತಾಳೆ ವಾದ್ಯಗಳ ಮೇಲೆ ಕೇಳಿಸಲು ಗಂಟಲು ಹರಿದುಕೊಳ್ಳಬೇಕಿತ್ತು.

ವೇದಿಕೆಯಲ್ಲಿ ಅವಳದು ಬಿಳಿ ಉಡುಪು, ಮಿತವಾದ ನಗು, ಮಹಾರಾಣಿಯ ಗತ್ತು. ಪರದೆ ಬಿದ್ದ ಮೇಲೆ ಬೇರೆಯದೇ ಹೆಂಗಸು. ಅದೇ ಬ್ಯಾಂಡಿನಲ್ಲಿ ಕಾರ್ನೆಟ್ ನುಡಿಸುತ್ತಿದ್ದ ರೆಕ್ಸ್ ಸ್ಟೀವರ್ಟ್ ಆಮೇಲೆ ಬರೆದ ನೆನಪುಗಳಲ್ಲಿ ಇವಳು ಬರುತ್ತಾಳೆ. ಇಸ್ಪೀಟು ಆಟಕ್ಕೆ ಕೂತರೆ ಅಲ್ಲಿ ಇವಳದೇ ಯಜಮಾನಿಕೆ, ಬೈಗುಳಕ್ಕೂ ಹಿಂದೆ ಬಿದ್ದವಳಲ್ಲ, ಎಲಿಂಗ್ಟನ್‌ನನ್ನೂ ಬಿಡುತ್ತಿರಲಿಲ್ಲ. ನನಗೆ ಈ ಐವಿ ಬಹಳ ಇಷ್ಟ. ದಕ್ಷಿಣದ ರಾಜ್ಯಗಳಲ್ಲಿ ತಿರುಗುವಾಗ ಬ್ಯಾಂಡು ರೈಲಿನ ಪುಲ್‌ಮನ್ ಬೋಗಿಗಳನ್ನೇ ಬಾಡಿಗೆಗೆ ಹಿಡಿಯುತ್ತಿತ್ತು. ಶೋಕಿಗಲ್ಲ. ಕಪ್ಪು ಜನರಿಗೆ ಅಲ್ಲಿನ ಹೋಟೆಲುಗಳಲ್ಲಿ ರೂಮು ಕೊಡುತ್ತಿರಲಿಲ್ಲ, ಊಟವೂ ಸಿಗುತ್ತಿರಲಿಲ್ಲ. ಸ್ಟೇಷನ್ನಿನ ಪಕ್ಕದ ಹಳಿಯಲ್ಲಿ ಬೋಗಿ ನಿಲ್ಲಿಸಿಕೊಂಡು ಅಲ್ಲೇ ಊಟ, ಅಲ್ಲೇ ನಿದ್ದೆ. ಹತ್ತಾರು ಗಂಡಸರ ನಡುವೆ ಒಬ್ಬಳು ಹೆಂಗಸು, ಹನ್ನೊಂದು ವರ್ಷ. ಇಸ್ಪೀಟಿನಲ್ಲಿ ಗೆಲ್ಲುವುದು ಅಲ್ಲಿ ಬರೀ ಕಾಲಕ್ಷೇಪ ಆಗಿರಲಿಕ್ಕಿಲ್ಲ.

ಡ್ರಮ್ಸ್ ನುಡಿಸುತ್ತಿದ್ದ ಸಾನಿ ಗ್ರೀರ್ ಜೊತೆ ಅವಳ ಮಾತಿನ ಚಕಮಕಿ ಆ ಕಾರ್ಯಕ್ರಮಗಳ ಒಂದು ಆಕರ್ಷಣೆ. ಅವಳು ಹಾಡಿನ ಸಾಲು ಬಿಟ್ಟರೆ ಅವನು ಹಿಂದಿನಿಂದ ತಲೆಹರಟೆ ಉತ್ತರ ಕೊಡುತ್ತಿದ್ದ. ನಗಿಸುವುದಕ್ಕೆ ಕಾಲ ತಿಳಿದಿರಬೇಕು. ಅರ್ಧ ಬೀಟ್ ತಡವಾದರೂ ನಗೆ ಸತ್ತುಹೋಗುತ್ತದೆ. ಅವಳ ದುಃಖದ ಹಾಡುಗಳನ್ನೂ ಈ ಕಾಲಜ್ಞಾನವೇ ಕಾದಿದೆ ಅನ್ನೋದು ನನ್ನ ಅನಿಸಿಕೆ.

1937ರಲ್ಲಿ ಹಾಲಿವುಡ್ ಕರೆಯಿತು. ಹಾಸ್ಯನಟರಾದ ಮಾರ್ಕ್ಸ್ ಸಹೋದರರ ಸಿನಿಮಾ 'ಎ ಡೇ ಅಟ್ ದಿ ರೇಸಸ್'. ಅದರಲ್ಲಿ ಐವಿ ಒಂದು ಹಾಡು ಹಾಡುತ್ತಾಳೆ, ಸುತ್ತ ವೈಟೀಸ್ ಲಿಂಡಿ ಹಾಪರ್ಸ್ ತಂಡದ ಹುಡುಗ ಹುಡುಗಿಯರು ಗಾಳಿಯಲ್ಲಿ ಹಾರಿ ಕುಣಿಯುತ್ತಾರೆ. ಆ ನೃತ್ಯ ಆಸ್ಕರ್‌ಗೆ ನಾಮನಿರ್ದೇಶನವೂ ಆಯಿತು. ದೃಶ್ಯ ಮಾತ್ರ ಈಗ ನೋಡಲು ಕಷ್ಟ. ಹರಕು ಗುಡಿಸಲು, ಹಲ್ಲು ಕಿರಿಯುವ 'ಬಡ ಕರಿಯರು', ಕೊನೆಗೆ ಹೀರೋಗಳು ಕರಿಯರ ಹಾಗೆ ಕಾಣಲು ಮುಖಕ್ಕೆ ಗ್ರೀಸ್ ಬಳಿದುಕೊಂಡು ತಪ್ಪಿಸಿಕೊಳ್ಳುವುದು. ಲಂಡನ್ನನ್ನು ಗೆದ್ದು ಬಂದವಳಿಗೆ ಹಾಲಿವುಡ್ ಕೊಟ್ಟದ್ದು ಆ ಗುಡಿಸಲಿನ ಮುಂದೆ ಒಂದೆರಡು ನಿಮಿಷ. ಅಷ್ಟರಲ್ಲೇ ಅವಳು ಕ್ಯಾಮೆರಾ ಕಡೆ ತಿರುಗುವ ರೀತಿ ನೋಡಿ. ಈ ಅವತಾರಕ್ಕೂ ನನಗೂ ಸಂಬಂಧವಿಲ್ಲ ಅನ್ನೋ ಹಾಗಿದೆ.

ಇದಕ್ಕೆ ಉತ್ತರ ನಾಲ್ಕು ವರ್ಷದ ಮೇಲೆ ಬಂತು, ಅದೇ ಊರಿನಲ್ಲಿ. 1941ರ ಜುಲೈನಲ್ಲಿ ಲಾಸ್ ಏಂಜಲೀಸಿನ ಮಾಯನ್ ಥಿಯೇಟರಿನಲ್ಲಿ ಎಲಿಂಗ್ಟನ್ ಮತ್ತು ಗೆಳೆಯರು 'ಜಂಪ್ ಫಾರ್ ಜಾಯ್' ಅನ್ನುವ ಪ್ರದರ್ಶನ ಶುರು ಮಾಡಿದರು. ಮುಖಕ್ಕೆ ಮಸಿ ಬಳಿದುಕೊಳ್ಳೋದು ಇಲ್ಲ, ಹಲ್ಲು ಕಿರಿಯೋದು ಇಲ್ಲ, ಬೇಕಾದ್ದನ್ನು ನೇರವಾಗಿ ಹೇಳಿ ನಗಿಸೋದು. ಪ್ರದರ್ಶನ ಬಹಳ ತಿಂಗಳು ಓಡಲಿಲ್ಲ. ಆದರೆ ಅದರಿಂದ ಐವಿಯ ದೊಡ್ಡ ಹಾಡು ಬಂತು, 'ಐ ಗಾಟ್ ಇಟ್ ಬ್ಯಾಡ್'.

ಇದನ್ನು ಹತ್ತಿರದಿಂದ ಕೇಳಬೇಕು. ರೆಕಾರ್ಡಾದದ್ದು ಪ್ರದರ್ಶನಕ್ಕೆ ಸ್ವಲ್ಪ ಮೊದಲು, ಜೂನ್ 26ರಂದು. ನಿಧಾನದ ಹಾಡು, ಮಟ್ಟು ಮೊದಲ ಸಾಲಿನಲ್ಲೇ ದೊಡ್ಡ ಜಿಗಿತ ಜಿಗಿಯುತ್ತದೆ. ಈ ಜಿಗಿತಕ್ಕೆ ಬೇರೆ ಗಾಯಕಿಯರು ಸಿದ್ಧತೆ ಮಾಡಿಕೊಳ್ಳುವುದು ಕೇಳಿಸುತ್ತದೆ. ಐವಿ ಸುಮ್ನೆ ಮೇಲೆ ಹೋಗಿ ನಿಲ್ಲುತ್ತಾಳೆ. ಸಾಲಿನ ಕೊನೆಯ ಪದವನ್ನು ಎಳೆದು ಹಿಡಿಯುವುದಿಲ್ಲ, ಬಿಟ್ಟುಬಿಡುತ್ತಾಳೆ. ಬಿಟ್ಟ ಜಾಗದಲ್ಲಿ ಜಾನಿ ಹಾಡ್ಜಸ್‌ನ ಸ್ಯಾಕ್ಸೋಫೋನ್ ಜಾರಿಕೊಂಡು ಬರುತ್ತದೆ. ಗಂಡ ಸರಿಯಿಲ್ಲ, ಆದರೂ ಬಿಡಲಾಗಲ್ಲ ಅನ್ನೋದು ಹಾಡಿನ ಸಾರ. ಅದನ್ನು ಗೋಳಾಡದೆ ಹೇಳುವುದಕ್ಕೆ ಧೈರ್ಯ ಬೇಕು.

ಅವಳಿಗೆ ಆಸ್ತಮಾ ಇತ್ತು.

ನನಗೂ ವೀಸಿಂಗ್ ಇದೆ, ಬೆಂಗಳೂರಿನವರಿಗೆ ಇದೇನು ಹೊಸ ಸುದ್ದಿಯಲ್ಲ. ಆದ್ದರಿಂದ ಯಾರಾದರೂ ಹಾಡುತ್ತಿದ್ದರೆ ಅವರು ಎಲ್ಲಿ ಉಸಿರು ತಗೋತಾರೆ ಅಂತ ಕಿವಿ ತಾನಾಗಿ ಹುಡುಕುತ್ತದೆ. ಐವಿಯ ಸಾಲುಗಳು ಮೊಟಕು. ಆಸ್ತಮಾ ಇದ್ದದ್ದರಿಂದಲೇ ಹಾಗೆ ಹಾಡಿದಳು ಅಂತ ಕಥೆ ಕಟ್ಟೋದು ಸುಲಭ. ನಾನು ಕಟ್ಟಲ್ಲ. 1932ರ ಆ ಮೊದಲ ಪ್ಲೇಟಿನಲ್ಲೂ ಸಾಲುಗಳು ಹೀಗೇ ಮೊಟಕಾಗಿವೆ, ಅಲ್ಲಿ ಉಸಿರಿಗೆ ಯಾವ ಬರವೂ ಇಲ್ಲ. ಅದು ಅವಳು ಆರಿಸಿಕೊಂಡ ರೀತಿ.

ಆದರೆ ಆ ಬದುಕು ಶ್ವಾಸಕೋಶಕ್ಕೆ ಒಳ್ಳೆಯದಾಗಿರಲಿಲ್ಲ. ರಾತ್ರಿಯೆಲ್ಲ ಸಿಗರೇಟು ಹೊಗೆ ತುಂಬಿದ ಡ್ಯಾನ್ಸ್ ಹಾಲು, ಬೆಳಗಾದರೆ ಇನ್ನೊಂದು ಊರು. ನಾವೀಗ ಜೇಬಿನಲ್ಲಿಟ್ಟುಕೊಂಡು ತಿರುಗುವ ಒತ್ತುವ ಇನ್ಹೇಲರ್ ಮಾರುಕಟ್ಟೆಗೆ ಬಂದದ್ದು 1956ರಲ್ಲಿ, ಅವಳು ಹೋಗಿ ಆರು ವರ್ಷ ದಾಟಿದ ಮೇಲೆ. ಅವಳ ಕಾಲದಲ್ಲಿ ಇದ್ದದ್ದು ಅಡ್ರಿನಲಿನ್ ಇಂಜೆಕ್ಷನ್, ಎಫಿಡ್ರಿನ್ ಮಾತ್ರೆ, ಮತ್ತೆ ನಂಬಿದರೆ ನಂಬಿ, ಆಸ್ತಮಾ ಸಿಗರೇಟು! ಅದರೊಳಗೆ ತುಂಬುತ್ತಿದ್ದದ್ದು ದತ್ತೂರಿ ಜಾತಿಯ ಗಿಡದ ಎಲೆ. ಉಬ್ಬಸಕ್ಕೆ ದತ್ತೂರಿ ಹೊಗೆ ಎಳೆಯುವ ನಮ್ಮ ಕಡೆಯ ಪದ್ಧತಿಯನ್ನು 1800ರ ಸುಮಾರಿಗೆ ಮದ್ರಾಸಿನಿಂದ ಇಂಗ್ಲಿಷರು ತಮ್ಮ ದೇಶಕ್ಕೆ ಒಯ್ದಿದ್ದರು. ಅಲ್ಲಿಂದ ಅದು ಔಷಧಿ ಅಂಗಡಿಯ ಡಬ್ಬಿ ಸೇರಿತು. ಅಜ್ಜಿಯ ಕಾಲದವರನ್ನು ಕೇಳಿದರೆ ಯಾರಾದರೂ ಒಬ್ಬರಿಗೆ ಈ ಹೊಗೆಯ ನೆನಪು ಇದ್ದೀತು.

1942ರ ಜುಲೈ 28ರಂದು ಶಿಕಾಗೋದಲ್ಲಿ ಬ್ಯಾಂಡು ಕೆಲವು ಹಾಡು ಮುದ್ರಿಸಿತು. ಅದರಲ್ಲೊಂದು ಸೈನಿಕರ ಕವಾಯತಿನ ತಮಾಷೆ ಹಾಡು, ಐವಿ ಹಾಡಿದ್ದು. ನಾಲ್ಕು ದಿನಕ್ಕೆ, ಆಗಸ್ಟ್ 1ಕ್ಕೆ, ಅಮೆರಿಕಾದ ಸಂಗೀತಗಾರರ ಯೂನಿಯನ್ ರೆಕಾರ್ಡಿಂಗ್ ಮುಷ್ಕರ ಹೂಡಿತು. ಅದೇ ತಿಂಗಳು ಐವಿ ಬ್ಯಾಂಡು ಬಿಟ್ಟಳು. ಮುಷ್ಕರಕ್ಕೂ ಅವಳು ಬಿಟ್ಟದ್ದಕ್ಕೂ ಸಂಬಂಧವಿಲ್ಲ, ಉಬ್ಬಸ ತಡೆಯಲಾಗದೆ ಬಿಟ್ಟಳು. ಆದರೆ ಪೆಟ್ಟು ಬಿದ್ದದ್ದು ಅವಳ ಜಾಗಕ್ಕೆ ಬಂದ ಬೆಟ್ಟಿ ರೋಶೆಗೆ. ಆ ಸಲ ಅವಳು ಬ್ಯಾಂಡಿನಲ್ಲಿ ಹಾಡಿದ ಕಾಲವೆಲ್ಲ ಮುಷ್ಕರದಲ್ಲೇ ಕಳೆದು, ಆಗಿನ ಸ್ಟುಡಿಯೋ ಪ್ಲೇಟುಗಳೇ ಇಲ್ಲದ ಹಾಗಾಯಿತು. ಅಲ್ಪಾಯುಷಿ ವೃತ್ತಿ ಅಂತ ಮರುಗುವುದಾದರೆ ಬೆಟ್ಟಿಗೆ ಮರುಗಬೇಕು. 1944ರ ಹೊತ್ತಿಗೆ ಎಲಿಂಗ್ಟನ್ ಬಳಿ ಒಂದೇ ಕಾಲಕ್ಕೆ ಜೋಯಾ ಶೆರಿಲ್, ಕೇ ಡೇವಿಸ್, ಮರಿಯಾ ಎಲಿಂಗ್ಟನ್ ಅಂತ ಮೂವರು ಗಾಯಕಿಯರಿದ್ದರು. ಒಬ್ಬಳು ನಿಂತಿದ್ದ ಜಾಗವದು.

ಐವಿ ಲಾಸ್ ಏಂಜಲೀಸಿಗೆ ಬಂದು ಕೋಳಿ ಹೋಟೆಲು ನಡೆಸಿದಳು. ಗಂಡ ಮಾರ್ಕ್ ನೀಲ್ ಜೊತೆ ಸೇರಿ ತೆರೆದದ್ದು. 'ಐವೀಸ್ ಚಿಕನ್ ಶ್ಯಾಕ್' ಅಂತ ಬೋರ್ಡು. ಜಾಗ ಸೆಂಟ್ರಲ್ ಅವೆನ್ಯೂ ಹತ್ತಿರ, ವರ್ನನ್ ಅವೆನ್ಯೂನಲ್ಲಿ. ಆ ಕಾಲದಲ್ಲಿ ಸೆಂಟ್ರಲ್ ಅವೆನ್ಯೂ ಅಂದರೆ ಪಶ್ಚಿಮ ಕರಾವಳಿಯ ಜಾಝ್‌ನ ಪೇಟೆ ಬೀದಿ. ಕ್ಲಬ್ಬು, ಹೋಟೆಲು, ಕಪ್ಪು ಜನರ ಪತ್ರಿಕಾ ಕಚೇರಿ, ಎಲ್ಲ ಅಲ್ಲೇ. ಹಾಡು ನಿಂತಿತು, ಹೋಟೆಲು ಇಟ್ಟಳು ಅಂತ ಬರೆಯುವಾಗ ಕೆಲವರ ದನಿಯಲ್ಲಿ ಒಂದು ಅಯ್ಯೋ ಇರುತ್ತದೆ. ಯಾಕೆ? ಹನ್ನೊಂದು ವರ್ಷ ಊರೂರಿನಲ್ಲಿ ಊಟದ ಬಾಗಿಲು ಮುಚ್ಚಿಸಿಕೊಂಡವಳು ತನ್ನ ಹೆಸರಿನ ಬೋರ್ಡು ಹಾಕಿ, ತನ್ನ ಜನರಿಗೆ ತಾನೇ ಊಟ ಬಡಿಸುವ ಜಾಗ ಮಾಡಿಕೊಂಡಳು. ಲೇಬಲ್ಲಿನ ಮೂಲೆಯ ಸಣ್ಣ ಅಕ್ಷರಕ್ಕಿಂತ ಈ ಬೋರ್ಡು ದೊಡ್ಡದಿತ್ತು.

ಹಾಡು ಪೂರ್ತಿ ನಿಂತಿರಲೂ ಇಲ್ಲ. ಆಗಾಗ ಕ್ಲಬ್ಬುಗಳಲ್ಲಿ ಹಾಡುತ್ತಿದ್ದಳು. 1946ರಲ್ಲಿ ತನ್ನದೇ ಹೆಸರಿನಲ್ಲಿ ಕೆಲವು ಪ್ಲೇಟುಗಳೂ ಬಂದವು. ನಿಜ ಹೇಳಬೇಕೆಂದರೆ ಅವು ನನಗೆ ಅಷ್ಟು ಹಿಡಿಸಲ್ಲ. ಬ್ಯಾಂಡು ಅವಳ ಹಿಂದೆ ನಿಲ್ಲುತ್ತದೆ, ಅವಳ ಜೊತೆ ಜಗಳಕ್ಕೆ ಬರಲ್ಲ. ಕೊಟ್ಟು ತೆಗೆದುಕೊಳ್ಳಲು ಯಾರೂ ಇಲ್ಲದಿದ್ದರೆ ಅವಳ ಹಾಡು ಅರ್ಧ. 1949ರ ಡಿಸೆಂಬರ್ ಕೊನೆಯಲ್ಲಿ ಲಾಸ್ ಏಂಜಲೀಸಿನಲ್ಲೇ ತೀರಿಕೊಂಡಳು. ವಯಸ್ಸು ನಲವತ್ತೈದರ ಆಸುಪಾಸು.

ಮೊದಲು ಯಾವುದು ಕೇಳಲಿ ಅಂತ ಗೆಳೆಯರು ಕೇಳುತ್ತಾರೆ. ಎಲ್ಲರೂ 'ಸ್ಟಾರ್ಮಿ ವೆದರ್' ಕೈಗಿಡುತ್ತಾರೆ. ನಾನು ಹೇಳೋದು 1938ರ 'ರೋಸ್ ಆಫ್ ದಿ ರಿಯೋ ಗ್ರಾಂಡೆ'. ಲಾರೆನ್ಸ್ ಬ್ರೌನ್‌ನ ಟ್ರಂಬೋನ್ ಕುಣಿದುಕೊಂಡು ಹೋಗುತ್ತದೆ, ಹಿಂದೆಯೇ ಅವಳು. ಆಮೇಲೆ 1940ರ ನವೆಂಬರ್ 7ರ ರಾತ್ರಿಯ ಮುದ್ರಣ ಹುಡುಕಿ. ಉತ್ತರ ಡಕೋಟಾದ ಫಾರ್ಗೋ ಊರಿನ ಕ್ರಿಸ್ಟಲ್ ಬಾಲ್‌ರೂಮ್. ಜ್ಯಾಕ್ ಟವರ್ಸ್, ಡಿಕ್ ಬರ್ರಿಸ್ ಅನ್ನೋ ಇಬ್ಬರು ಹುಡುಗರು ಅಪ್ಪಣೆ ಕೇಳಿ, ಪ್ಲೇಟು ಕೊರೆಯುವ ಯಂತ್ರ ಹೊತ್ತು ತಂದು, ತಮ್ಮ ಖುಷಿಗೆ ಇಡೀ ಕಾರ್ಯಕ್ರಮ ಮುದ್ರಿಸಿಕೊಂಡರು. ನಲವತ್ತು ವರ್ಷದ ಮೇಲೆ ಅದಕ್ಕೆ ಗ್ರ್ಯಾಮಿ ಪ್ರಶಸ್ತಿ ಬಂತು. ಅಲ್ಲಿ ಮೂರು ನಿಮಿಷದ ಕಟ್ಟಿಲ್ಲ. 'ಸೇಂಟ್ ಲೂಯಿಸ್ ಬ್ಲೂಸ್' ಬಂದಾಗ ವಾಲ್ಯೂಮ್ ಸ್ವಲ್ಪ ಜಾಸ್ತಿ ಮಾಡಿ. ಕುಣಿಯುವವರ ಗದ್ದಲ, ಯಾರೋ ಕೂಗುವುದು, ಬ್ಯಾಂಡಿನವರೇ ಹಿಂದಿನಿಂದ ಹುರಿದುಂಬಿಸುವುದು ಎಲ್ಲ ಕೇಳಿಸುತ್ತದೆ, ಐವಿ ಅದಕ್ಕೆಲ್ಲ ಉತ್ತರ ಕೊಡುತ್ತಾ ಹಾಡುತ್ತಿರುತ್ತಾಳೆ.